ಬರೆಯಲು ಬಾರದ ಮಾಸ್ತರು

ಹೋದ ವಾರ ಹುಬ್ಬಳ್ಳಿಯ ದೇಶಪಾಂಡೆ ನಗರದ ಹಲ್ಲಿನ ದವಾಖಾನೆಯಲ್ಲಿ ಬಾಯಿ ತೆರೆದು ಮಲಗಿದ್ದೆ. ಡಾಕ್ಟರು ಒಂದು ಚೂರು ಹತ್ತಿಯನ್ನು ಲವಂಗದೆಣ್ಣೆಯಲ್ಲಿ ಅದ್ದಿ ದವಡೆಯ ಮೂಲೆಗೆ ಇಟ್ಟರು. "ಸ್ವಲ್ಪ ಉರೀತೈತ್ರಿ. ಕಣ್ಣ ಮುಚ್ಚಿ ಸುಮ್ನ ಮಲಗ್ರಿ" ಎಂದು ಹೇಳಿ ಆಚೆ ಹೋದರು. ನಾನು ಕಣ್ಣು ಮುಚ್ಚಿದೆ. ನೋವು ಮೆಲ್ಲಗೆ ಹಿಂದೆ ಸರಿಯಿತು. ಅದರ ಜಾಗಕ್ಕೆ ಆ ವಾಸನೆ ಬಂದು ಕೂತಿತು... ಬೆಳಗಿನ ಬಸ್ಸು, ಕಿಟಕಿ ಸರಳಿನ ತಂಪು, ಎರೆಹೊಲಗಳ ಮೇಲೆ ತೆಳ್ಳಗೆ ತೂಗುವ ಮಂಜು, ಪಕ್ಕದ ಸೀಟಿನಲ್ಲಿ ದವಡೆಗೆ ಲವಂಗ ಒತ್ತಿಕೊಂಡು ಕೂತ ಮಾಸ್ತರು.

ಆಗ ನನಗೆ ನೌಕರಿ ಹೊಸದು. ಸುಳ್ಳ ಎಂಬ ಹಳ್ಳಿಯಿಂದ ಇನ್ನೂ ಸ್ವಲ್ಪ ಆಚೆಗಿನ ಒಂದು ಸಣ್ಣ ಊರಿನ ಸರಕಾರಿ ಶಾಲೆ. ಹುಬ್ಬಳ್ಳಿಯಿಂದ ದಿನಾ ಒಂದೇ ಬಸ್ಸಿಗೆ ಹೋಗಿ ಬರುತ್ತಿದ್ದವರು ಮಾಸ್ತರು ಮತ್ತು ನಾನು ಇಬ್ಬರೇ. ಮಕ್ಕಳೆದುರು ಅವರು ನನ್ನನ್ನು 'ಬಾಯಾರ' ಎನ್ನುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅದೇ ಹೆಸರು. ಬಸ್ಸು ಹತ್ತಿದ ಮೇಲೆ ನಾನು 'ತಂಗಿ' ಆಗುತ್ತಿದ್ದೆ. ವರ್ಷಗಟ್ಟಲೆ ಹಾಕಿದ್ದ ತಂಬಾಕನ್ನು ಬಿಡಲು ಲವಂಗ ಹಿಡಿದಿದ್ದರಂತೆ. ಹಿಡಿದ ಲವಂಗವನ್ನು ಕೊನೆಯವರೆಗೂ ಬಿಡಲಿಲ್ಲ. ಅವರು ಹಾದು ಹೋದ ಮೇಲೂ ವರಾಂಡದಲ್ಲಿ ಅದರ ಘಮ ಸ್ವಲ್ಪ ಹೊತ್ತು ನಿಂತಿರುತ್ತಿತ್ತು. ಗಲಾಟೆ ಮಾಡುತ್ತಿದ್ದ ಮಕ್ಕಳು ಅದರಿಂದಲೇ ಎಚ್ಚರಾಗಿ ಸಾಲಾಗಿ ಕೂಡುತ್ತಿದ್ದರು.

ಸುತ್ತಿನ ಶಾಲೆಗಳಲ್ಲೆಲ್ಲ ಅವರ ನಿಬಂಧಗಳಿಗೆ ಹೆಸರಿತ್ತು. ಪರೀಕ್ಷೆಗೆ ಬರಬಹುದಾದ ಎಲ್ಲ ವಿಷಯಗಳ ಮೇಲೂ ಅವರಲ್ಲಿ ಒಂದೊಂದು ಸಿದ್ಧ ನಿಬಂಧ ಇತ್ತು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಬೇರೆ ಊರಿನ ಶಿಕ್ಷಕರು ಬಂದು ಝೆರಾಕ್ಸ್ ಮಾಡಿಸಿಕೊಂಡು ಹೋಗುತ್ತಿದ್ದರು. ನಾನೂ ಮೊದಲ ತಿಂಗಳು ಅವರ ತರಗತಿಯ ಕೊನೆಯ ಸಾಲಿನಲ್ಲಿ ಕೂತು, ಹೀಗೆ ಕಲಿಸಬೇಕು ಎಂದುಕೊಂಡಿದ್ದೆ. ಅವರು ಹೇಳುತ್ತ ಹೋಗುತ್ತಿದ್ದರು, ಮಕ್ಕಳು ಬರೆಯುತ್ತ ಹೋಗುತ್ತಿದ್ದರು. ಅಲ್ಪವಿರಾಮ ಎಲ್ಲಿ ಹಾಕಬೇಕೆಂಬುದನ್ನೂ ಅವರೇ ಹೇಳುತ್ತಿದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಆ ದನಿಗೆ ಒಂದು ತೂಕಡಿಕೆಯ ಲಯವಿತ್ತು. ಕೇಳುತ್ತ ಕೇಳುತ್ತ ನನ್ನ ರೆಪ್ಪೆಗಳೂ ಭಾರವಾಗುತ್ತಿದ್ದವು.

'ನಾನು ಕೈಗೊಂಡ ಪ್ರವಾಸ' ಎಂಬ ನಿಬಂಧದಲ್ಲಿ ಎಲ್ಲ ಮಕ್ಕಳೂ ಕಡಲ ತೀರಕ್ಕೆ ಹೋಗುತ್ತಿದ್ದರು. ಎಲ್ಲರಿಗೂ ಸೂರ್ಯ ಕೆಂಪು ಚೆಂಡಿನಂತೆಯೇ ಕಾಣುತ್ತಿದ್ದ. ಎಲ್ಲರನ್ನೂ ಅಲೆಗಳು ಕೈಬೀಸಿ ಕರೆಯುತ್ತಿದ್ದವು. ಆ ಮಕ್ಕಳಲ್ಲಿ ಹುಬ್ಬಳ್ಳಿಯ ಸಂತೆ ದಾಟಿ ಆಚೆ ಹೋದವರೇ ಕಡಿಮೆ. ಮಾಸ್ತರು ಒಂದೊಂದಾಗಿ ತಿದ್ದಿ, ಕಾಗುಣಿತ ಸರಿಪಡಿಸಿ, ಅಂಕ ಹಾಕುತ್ತಿದ್ದರು. ಅದರಲ್ಲಿ ವಿಚಿತ್ರವೇನೂ ಅವರಿಗೆ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಕಂಡಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಧಾರವಾಡದಲ್ಲಿ ಭಾಷಾ ಶಿಕ್ಷಕರಿಗೊಂದು ತರಬೇತಿ ಇಟ್ಟರು. ಮಾಸ್ತರು ನಿವೃತ್ತಿಗೆ ಹತ್ತಿರ ಬಂದಿದ್ದವರು. ಒಲ್ಲದ ಮನಸ್ಸಿನಿಂದ ಬಂದಿದ್ದರು. ಹೇಳಿಕೊಡಲು ಬಂದಾಕೆ ಅವರ ಮಗಳ ವಯಸ್ಸಿನ ಹುಡುಗಿ. ನಾವೆಲ್ಲ ಪೆನ್ನು ತೆರೆದು, ಆಕೆ ಹೇಳುವುದನ್ನು ಬರೆದುಕೊಳ್ಳಲು ಸಜ್ಜಾಗಿ ಕೂತಿದ್ದೆವು.

"ಹುಡುಗ್ರಿಗೆ ಬರಿಯೂದು ಕಲಸೂದಕಿಂತ ಮೊದಲ ಇವತ್ತು ನಾವ ಬರಿಯೂಣ್ರಿ" ಎಂದಳು ಆಕೆ. "ಮುಂಜಾನೆ ನಿಮ್ಮ ಅಡಗಿ ಮನ್ಯಾಗ ಏನೇನು ಸಪ್ಪಳ ಕೇಳತೈತಿ, ಅದನ್ನ ಬರೀರಿ. ಅಷ್ಟ. ಯಾರಿಗೂ ತೋರಸಬೇಕಂತಿಲ್ಲ."

ಕೋಣೆಯಲ್ಲಿ ಮೊದಲು ನಗು ಎದ್ದಿತು, ಆಮೇಲೆ ಗುಸುಗುಸು. ಒಬ್ಬರು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದವರು ತಿರುಗಿ ಬರಲಿಲ್ಲ. ಕಿಟಕಿಯಾಚೆ ಮಳೆ ಸಣ್ಣಗೆ ಹನಿಯುತ್ತಿತ್ತು. ನಾನು ಏನೋ ನಾಲ್ಕು ಸಾಲು ಗೀಚಿದೆ. ಪಕ್ಕಕ್ಕೆ ತಿರುಗಿ ನೋಡಿದರೆ, ಮಾಸ್ತರು ಹಾಳೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ 'ಪೀಠಿಕೆ' ಎಂದು ಬರೆದು, ಅದರಡಿ ಒಂದು ನೇರ ಗೆರೆ ಎಳೆದಿದ್ದರು. ಅದರ ಕೆಳಗೆ ಏನೂ ಇರಲಿಲ್ಲ. ಸಮಯ ಮುಗಿಯುವವರೆಗೂ ಏನೂ ಬರಲಿಲ್ಲ. ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

ಸಂಜೆ ಇಬ್ಬರೂ ಹುಬ್ಬಳ್ಳಿಯ ಬಸ್ಸು ಹಿಡಿದೆವು. ನವಲೂರು ದಾಟಿತು, ರಾಯಾಪುರ ದಾಟಿತು. ಉಣಕಲ್ ಕೆರೆಯ ಹತ್ತಿರ ಬಸ್ಸು ನಿಧಾನವಾದಾಗ, ಮೋಡದ ಸಂದಿನಿಂದ ಬೆಳಕು ನೀರಿನ ಮೇಲೆ ಬಿದ್ದು, ಕೆರೆಯೆಲ್ಲ ತಗಡಿನ ಹಾಗೆ ಹೊಳೆಯುತ್ತಿತ್ತು. ಅತ್ತ ನೋಡುತ್ತಲೇ ಅವರು ಹೇಳಿದರು:

"ನನಗ ಬರಿಯಾಕ ಬರಂಗಿಲ್ಲ, ತಂಗಿ."

ನಾನು ಅವರತ್ತ ತಿರುಗಿದೆ.

"ಇಷ್ಟು ವರ್ಷ ಹುಡುಗ್ರಿಗೆ ಬರಿ, ಬರಿ ಅಂತ ಅಂದೆ. ನನಗ ಯಾರೂ ಬರಿ ಅಂದಿದ್ದಿಲ್ಲ ನೋಡು. ಇವತ್ತು ಅಂದ್ರು... ಕೈ ಏಳಲಿಲ್ಲ."

ಬಸ್ಸು ಮತ್ತೆ ವೇಗ ಹಿಡಿಯಿತು. ಕೆರೆ ಹಿಂದೆ ಉಳಿಯಿತು.

ಅದಾದ ಕೆಲವೇ ದಿನಗಳಿಗೆ ಆರನೆಯ ತರಗತಿಯಿಂದ ನನಗೆ ಪರಿಚಯವೇ ಇಲ್ಲದ ಸದ್ದೊಂದು ಕೇಳಿಸಿತು. ಮಾಸ್ತರ ಪಾಠದಲ್ಲಿ ಮಕ್ಕಳು ಗಟ್ಟಿಯಾಗಿ ಮಾತಾಡುತ್ತಿದ್ದರು. ಬಾಗಿಲಲ್ಲಿ ನಿಂತು ಇಣುಕಿದೆ. ಅವರು ಕರಿಹಲಗೆಯ ಮೇಲೆ ಬರೆಯುತ್ತಿದ್ದರು, ಅಳಿಸುತ್ತಿದ್ದರು, ಗೀಟು ಹೊಡೆದು ಮತ್ತೆ ಬರೆಯುತ್ತಿದ್ದರು. 'ನಮ್ಮ ಮನೆಯಲ್ಲಿ ಮುಂಜಾನೆ ಮೊದಲು ಕೇಳುವುದು ರೊಟ್ಟಿಯ ಸಪ್ಪಳ.' ಅದಕ್ಕೆ ಗೀಟು. 'ಮೊದಲು ಕೇಳುವುದು ಬಳೆಯ ಸಪ್ಪಳ.' ಅದಕ್ಕೂ ಗೀಟು. ಮಾಸ್ತರು ಕರಿಹಲಗೆಯ ಮೇಲೆ ತಪ್ಪು ಮಾಡುವುದನ್ನು ಆ ಮಕ್ಕಳು ಎಂದೂ ನೋಡಿರಲಿಲ್ಲ.

"ತಪ್ಪಾತೇನ್ರಿ ಸರ್?" ಮುಂದಿನ ಸಾಲಿನ ಹುಡುಗಿಯೊಬ್ಬಳು ಹೆದರುತ್ತ ಕೇಳಿದಳು.

"ತಪ್ಪಲ್ಲವ್ವ. ಹುಡಕಾಕತ್ತೇನಿ" ಎಂದರು ಅವರು. "ನೀವ ಹೇಳ್ರಿ. ರೊಟ್ಟಿ ಬಡಿಯೂ ಮುಂದ ಮೊದಲ ಯಾವ ಸಪ್ಪಳ ಬರತೈತಿ?"

ಆಮೇಲೆ ಅಲ್ಲಿ ನಡೆದದ್ದು ಪಾಠವೋ ಜಗಳವೋ ಹೇಳಲಾರೆ. ಒಬ್ಬರು ಹಿಟ್ಟು ಸಾಣಿಸುವ ಸದ್ದು ಎಂದರು, ಇನ್ನೊಬ್ಬರು ಕಟ್ಟಿಗೆ ಮುರಿಯುವುದು ಎಂದರು, ಮತ್ತೊಬ್ಬಳು ತನ್ನ ಅಜ್ಜಿ ಕೆಮ್ಮುವುದು ಎಂದಳು. ಎಲ್ಲರೂ ನಕ್ಕರು. ಮಾಸ್ತರು ನಗಲಿಲ್ಲ. "ಖರೇ. ಅದೂ ಅಡಗಿ ಮನಿ ಸಪ್ಪಳನ" ಎಂದು ಅದನ್ನೂ ಹಲಗೆಯ ಮೇಲೆ ಬರೆದರು. ಕೊನೆಗೆ "ನೀವು ಹೇಳಿದ್ದನ್ನ ನೀವ ಬರೀರಿ" ಎಂದಾಗ ಮಕ್ಕಳಿಗೆ ಒಂದೇ ಸಂಶಯ.

"ಸರ್, 'ಮನ್ಯಾಗ' ಅಂತ ಬರದ್ರ ನಡೀತೈತೇನ್ರಿ?"

ಅವರೋ, ಅಂಥ 'ಮನ್ಯಾಗ'ಗಳಿಗೆಲ್ಲ ಕೆಂಪು ಗೆರೆ ಹಾಕಿ ಹಾಕಿ ತಲೆ ನೆರೆಸಿಕೊಂಡವರು. ಕೈಯಲ್ಲಿದ್ದ ಸೀಮೆಸುಣ್ಣವನ್ನು ಬೆರಳಲ್ಲಿ ಹೊರಳಿಸಿದರು.

"ನಡೀತೈತಿ. ಮೊದಲ ಹಂಗ ಬರೀರಿ. ಆಮ್ಯಾಲೆ ಕೂತು ನೋಡೂಣು."

ಆ ತರಗತಿಯಲ್ಲಿ ಗಂಗವ್ವ ಎಂಬ ಹುಡುಗಿಯಿದ್ದಳು. ಹಲಗೆಯ ಮೇಲಿದ್ದುದನ್ನು ರಂಗೋಲಿ ಇಟ್ಟ ಹಾಗೆ ದುಂಡಗೆ ನಕಲು ಮಾಡುತ್ತಿದ್ದಳು. ಎಷ್ಟು ಅಚ್ಚುಕಟ್ಟು ಎಂದರೆ ಎಲ್ಲರಿಗೂ ಆಕೆ ಜಾಣೆ ಎಂದೇ ಅನ್ನಿಸಿತ್ತು. ಹೇಳಿ ಬರೆಸುವುದು ನಿಂತ ಮೇಲೆ ಗೊತ್ತಾಯಿತು, ತಾನಾಗಿ ಒಂದು ಸಾಲೂ ಆಕೆಗೆ ಬರುತ್ತಿರಲಿಲ್ಲ. ಉಳಿದವರ ಹಾಳೆಗಳು ತುಂಬುತ್ತಿದ್ದವು, ಆಕೆಯದು ಖಾಲಿ. ದಸರೆ ಹತ್ತಿರ ಬಂದರೂ ಖಾಲಿ. ಬೈದರೆ ಆಗಲಾದರೂ ಬರೆದಾಳೋ ಎಂದು ನಾನು ಒಮ್ಮೆ ಅಂದೆ.

"ಬ್ಯಾಡ್ರಿ ಬಾಯಾರ" ಎಂದರು ಮಾಸ್ತರು. "ಖಾಲಿ ಹಾಳಿ ಮುಂದ ಕೂಡೂದು ಹೆಂಗಿರತೈತಿ ಅಂತ ನನಗ ಗೊತ್ತೈತಿ."

ಒಂದು ದಿನ ಅವರು ಆಕೆಯ ಪಕ್ಕದಲ್ಲಿ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಆಕೆಯ ಪೆನ್ಸಿಲು ತಾವೇ ತೆಗೆದುಕೊಂಡರು. "ನೀ ಹೇಳು, ನಾ ಬರೀತೇನಿ. ಇವತ್ತು ನಾ ನಿನ್ನ ವಿದ್ಯಾರ್ಥಿ" ಎಂದರು. ಗಂಗವ್ವ ನೆಲ ನೋಡಿದಳು, ಕಿಟಕಿ ನೋಡಿದಳು. ಹೊರಗೆ ಹತ್ತಿಯ ಹೊಲ ಬೆಳ್ಳಗೆ ಒಡೆಯುತ್ತಿದ್ದ ದಿನಗಳು. ನಾನು ನೋಟ್‌ಬುಕ್ ಜೋಡಿಸುವ ನೆಪದಲ್ಲಿ ಅಲ್ಲೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ಆ ಹುಡುಗಿ ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿದಳು:

"ಹತ್ತಿ ಬಿಡಸಾಕ ಹೋದಾಗ ನಮ್ಮವ್ವ ಹಾಡತಾಳ್ರಿ. ಮನ್ಯಾಗ ಹಾಡಂಗಿಲ್ಲ."

ಮಾಸ್ತರು ಅಷ್ಟನ್ನೂ ಬರೆದರು. ಮುಂದೆ ಏನು ಎಂದು ಕೇಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಹಾಳೆಯನ್ನು ಆಕೆಯ ಕಡೆ ತಿರುಗಿಸಿ, ಆಕೆಯ ಮಾತು ಆಕೆಗೆ ಕಾಣುವಂತೆ ಇಟ್ಟರು. ಗಂಗವ್ವ ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಪೆನ್ಸಿಲು ಇಸಿದುಕೊಂಡು, ಅದರ ಕೆಳಗೆ ತಾನೇ ಇನ್ನೊಂದು ಸಾಲು ಬರೆದಳು. ಏನು ಬರೆದಳೆಂದು ನಾನು ನೋಡಲಿಲ್ಲ. ಮಾಸ್ತರು ನೋಡಿದರು, ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು...

ಎಲ್ಲರಿಗೂ ಇದು ಹಿಡಿಸಿತೆಂದಲ್ಲ. ನಮ್ಮ ಹೆಡ್ ಬಾಯಾರು ಒಳ್ಳೆಯವರೇ, ಆದರೆ ಹೆದರಿದ್ದರು. "ಪೋರ್ಶನ್ ಮುಗೀಲಿಲ್ಲಂದ್ರ ಮ್ಯಾಲಿನವರಿಗೆ ನಾ ಏನ್ ಉತ್ತರ ಕೊಡ್ಲಿ, ಸರ್?" ಎಂದು ದಿನಾ ಕೇಳುತ್ತಿದ್ದರು. ಶಾಲೆಯ ಸಮಿತಿಯ ಅಧ್ಯಕ್ಷರು ಊರಿನ ಹತ್ತಿ ವ್ಯಾಪಾರಿ. ಅವರು ಮಗನ ನೋಟ್‌ಬುಕ್ ಹಿಡಿದುಕೊಂಡೇ ಬಂದರು.

"ಏನ್ರಿ ಮಾಸ್ತರ, ಹುಡುಗ ಇದರ ತುಂಬ ಮನಿ ಮಾತು ಬರದಾನ. ಇದನ್ನ ಕಲಿಯಾಕ ಸಾಲಿಗೆ ಯಾಕ ಕಳಸಬೇಕು? ನಾಳೆ ಹುಬ್ಬಳ್ಳಿ ಹೈಸ್ಕೂಲಿಗೆ ಹೋದ್ರ ನಮ್ಮ ಹುಡುಗ್ರನ್ನ ನೋಡಿ ನಗತಾರ್ರಿ."

ಮಾಸ್ತರಿಗೆ ಸಿಟ್ಟು ಬರಬಹುದೆಂದು ನಾನು ಕಾದೆ. ಬರಲಿಲ್ಲ. "ನೀವು ಹೇಳೂದು ಬರೋಬ್ಬರಿ ಐತ್ರಿ. ಇನ್ನೂ ಅರ್ಧ ಕೆಲಸ ಉಳದೈತಿ" ಎಂದರು.

ಮರುದಿನದಿಂದ ಆ ಉಳಿದರ್ಧ ಸುರುವಾಯಿತು. ಹಲಗೆಯ ನಡುವೆ ಗೆರೆ ಎಳೆದು, ಒಂದು ಕಡೆ ಮಕ್ಕಳ ಮಾತು, ಇನ್ನೊಂದು ಕಡೆ ಪುಸ್ತಕದ ಮಾತು. ಮಕ್ಕಳೇ ಎದ್ದು ಬಂದು ದಾಟಿಸಬೇಕು. 'ಮನ್ಯಾಗ' ಎಂಬುದು 'ಮನೆಯಲ್ಲಿ' ಆಯಿತು, 'ಸಾಲಿ' ಎಂಬುದು 'ಶಾಲೆ' ಆಯಿತು. ಅವರಿಗೆ ಅದು ಆಟದಂತಿತ್ತು. 'ರೊಟ್ಟಿ ಬಡಿಯುವುದು' ಬಂದಾಗ ಮಾಸ್ತರು ಅತ್ತ ಕಡೆ 'ರೊಟ್ಟಿ ತಟ್ಟುವುದು' ಎಂದು ಬರೆದರು. ಹಿಂದಿನಿಂದ ಒಂದು ದನಿ ಎದ್ದಿತು.

"ಸರ್, ತಟ್ಟಿದ್ರ ಸಪ್ಪಳ ಸಣ್ಣದಾಗತೈತ್ರಿ!"

ಮಾಸ್ತರು ತಿರುಗಿ ನೋಡಿದರು. 'ತಟ್ಟು' ಎಂಬುದನ್ನು ಬಾಯೊಳಗೇ ಅಂದು ನೋಡಿದರು, 'ಬಡಿ' ಎಂಬುದನ್ನು ಅಂದು ನೋಡಿದರು. ಹಲಗೆಯ ಮೇಲಿನ ತಮ್ಮ ಶಬ್ದವನ್ನು ಅಂಗೈಯಿಂದ ಒರೆಸಿ, ಪುಸ್ತಕದ ಕಡೆಯಲ್ಲೂ 'ಬಡಿಯುವುದು' ಎಂದೇ ಬರೆದರು. ಆ ದಿನ ಬಸ್ಸಿನಲ್ಲಿ ಅದನ್ನೇ ಮತ್ತೆ ಮತ್ತೆ ಹೇಳಿಕೊಂಡು ನಗುತ್ತಿದ್ದರು. ನೌಕರಿ ಸಿಕ್ಕ ಹುಡುಗನ ಹಾಗೆ ಕಾಣುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಪಾಲಕರ ಸಭೆ ಕರೆದರು. ಮಾಸ್ತರ ಹೊಸ ರೀತಿ ಮುಂದುವರಿಯಬೇಕೋ ಬೇಡವೋ ಎಂಬುದೇ ಅಲ್ಲಿಯ ವಿಷಯ. ಅಂಗಳದ ಬೇವಿನ ನೆರಳಿಗೆ ಜಮಖಾನೆ ಹಾಸಿದ್ದೆವು. ಹತ್ತಿ ಹೊಲದಿಂದ ನೇರವಾಗಿ ಬಂದ ಹೆಂಗಸರ ತಲೆಯ ಮೇಲೆ, ಸೆರಗಿನ ಮೇಲೆ ಬಿಳಿ ಎಳೆಗಳು ಅಂಟಿಕೊಂಡಿದ್ದವು. ಮಾಸ್ತರು ಭಾಷಣ ಮಾಡಲಿಲ್ಲ. ಓದಬೇಕೆನಿಸಿದವರು ಓದಲಿ ಎಂದು ಮಕ್ಕಳಿಗೆ ಬಿಟ್ಟರು. ಕೆಲವರು ಓದಿದರು. ಗಂಗವ್ವನನ್ನು ಅವರು ಕರೆದಿರಲಿಲ್ಲ, ಅದು ಆಕೆಯದು, ಸಭೆಯ ನಡುವೆ ಇಡುವುದಲ್ಲ ಎಂದು ಮೊದಲೇ ನನಗೆ ಹೇಳಿದ್ದರು. ಆದರೆ ಆಕೆ ತಾನಾಗಿ ಎದ್ದು ನಿಂತಳು.

"ಬ್ಯಾಡಂದ್ರ ಬ್ಯಾಡವ್ವ" ಎಂದರು ಮಾಸ್ತರು ಮೆಲ್ಲಗೆ.

"ಓದತೇನ್ರಿ" ಎಂದಳು.

ಹೊಲದ ಸಾಲುಗಳ ಬಗ್ಗೆ, ಮಧ್ಯಾಹ್ನ ಬುತ್ತಿ ಬಿಚ್ಚುವ ಬಗ್ಗೆ, ಬೆರಳಿಗೆ ಚುಚ್ಚುವ ಹತ್ತಿಕಾಯಿಯ ಮುಳ್ಳಿನ ಬಗ್ಗೆ ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಓದಿದಳು. ಕೊನೆಯ ಎರಡು ಸಾಲನ್ನು ಮಾತ್ರ ಬದಲಿಸಿರಲಿಲ್ಲ. ಹತ್ತಿ ಬಿಡಸಾಕ ಹೋದಾಗ ನಮ್ಮವ್ವ ಹಾಡತಾಳ. ಮನ್ಯಾಗ ಹಾಡಂಗಿಲ್ಲ.

ಯಾರೂ ನಗಲಿಲ್ಲ. ಬೇವಿನ ಎಲೆಯೊಂದು ತಿರುಗುತ್ತ ತಿರುಗುತ್ತ ಕೆಳಗೆ ಬಂದದ್ದು ನೆನಪಿದೆ. ಹೆಂಗಸರ ಗುಂಪಿನಲ್ಲಿ ಒಬ್ಬಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, "ಆತು, ನಡಸ್ರಿ. ಆದ್ರ ಮಾರ್ಕ್ಸ್ ಕಮ್ಮಿ ಆಗಬಾರದು ನೋಡ್ರಿ" ಎಂದು ಎದ್ದರು. ಹೆಡ್ ಬಾಯಾರು ಜಮಖಾನೆ ಮಡಿಚಲು ತಾವೇ ಕೈಹಾಕಿದರು.

ಎಲ್ಲರೂ ಹೋದ ಮೇಲೆ ಗಂಗವ್ವನ ತಾಯಿ ಬಾಗಿಲ ಬಳಿ ನಿಂತಿದ್ದಳು. ಮಾಸ್ತರನ್ನು ಕೇಳಿದಳು, "ನಾ ಮನ್ಯಾಗ ಹಾಡಂಗಿಲ್ಲ ಅನ್ನೂದು ಆಕಿಗೆ ಹೆಂಗ ಗೊತ್ತಾತ್ರಿ, ಸರ್? ನನಗ ಗೊತ್ತಿದ್ದಿಲ್ಲ."

"ಆಕಿ ಕೇಳತಿರತಾಳ, ಯವ್ವ" ಎಂದರು ಮಾಸ್ತರು. ಆಕೆ ಮಗಳ ತೋಳು ಹಿಡಿದುಕೊಂಡು ಹೊರಟುಹೋದಳು.

ಮಾರ್ಕ್ಸ್? ಕೆಲವರಿಗೆ ಏರಿತು, ಕೆಲವರಿಗೆ ಇಳಿಯಿತು. ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಒಬ್ಬಿಬ್ಬರನ್ನು ನೋಡಿ ನಕ್ಕದ್ದೂ ಖರೆ. ಮಾಸ್ತರ ನಿಬಂಧಗಳನ್ನು ಕೇಳಿಕೊಂಡು ಜನ ಬರುವುದು ನಿಂತಿತು. ಅವರ ಹೆಸರು ಸ್ವಲ್ಪ ಮಸುಕಾಯಿತು ಎಂದೇ ಹೇಳಬೇಕು. ಅವರಿಗೆ ಅದು ತಾಗದೆ ಇರಲಿಲ್ಲ. ಆದರೂ ಪ್ರತಿ ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು, ನಾವೂ ಏನಾದರೂ ಬರೆಯುವಂತೆ ಮಾಡುತ್ತಿದ್ದರು. ಹೆಡ್ ಬಾಯಾರು ಮೊದಮೊದಲು ಬೀಗದ ಕೈ ಗಲಗಲ ಅನ್ನಿಸುತ್ತ ನಿಂತಿರುತ್ತಿದ್ದರು. ಒಂದು ಶನಿವಾರ ಕೂತರು. ತಾವು ಬರೆದದ್ದನ್ನು ಓದುತ್ತ ಓದುತ್ತ ಅರ್ಧಕ್ಕೆ ನಿಲ್ಲಿಸಿ, ನೀರು ಕುಡಿದು ಬಂದು ಮತ್ತೆ ಓದಿದರು. ಮಾಸ್ತರ ಬರಹ ಮಾತ್ರ ಕೊನೆಯವರೆಗೂ ಸಾಧಾರಣವೇ. ಗೆರೆ ಎಳೆದ 'ಪೀಠಿಕೆ' ಅವರ ಕೈಯಿಂದ ಅಷ್ಟು ಸುಲಭಕ್ಕೆ ಬಿಟ್ಟುಹೋಗಲಿಲ್ಲ. ಅದಕ್ಕೆ ಅವರೇ ನಗುತ್ತಿದ್ದರು, ಮತ್ತೆ ಬರೆಯುತ್ತಿದ್ದರು.

ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣು ಕೊಟ್ಟು ಕಳಿಸಿದೆವು. ಕೊನೆಯ ಬಾರಿ ಒಟ್ಟಿಗೆ ಬಸ್ಸಿನಲ್ಲಿ ಬಂದೆವು. ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಶಾಲನ್ನು ಮಡಿಚಿ ಅದರ ಮೇಲಿಟ್ಟು, "ಇನ್ನೊಂದಿಷ್ಟು ವರ್ಷ ಮೊದಲ ಯಾರರೆ ನನಗ ಬರಿ ಅಂದಿದ್ರ..." ಎಂದರು. ಹೊರಗೆ ಉಳುಮೆಯಾದ ಕರಿ ಹೊಲ, ದೂರದಲ್ಲಿ ಯಾರೋ ಎತ್ತು ಹೊಡೆಯುವ ದನಿ. ಆ ದನಿ ಬಸ್ಸಿನ ಜೊತೆ ಸ್ವಲ್ಪ ದೂರ ಬಂದಂತಿತ್ತು...

ಆಮೇಲೆ ಅವರು ಬೆಳಗಾವಿಯ ಮಗಳ ಮನೆಗೆ ಹೋದರು. ತರಗತಿಯಲ್ಲಿ ಏನಾದರೂ ತೊಡಕಾದರೆ ನಾನು ಫೋನು ಮಾಡುತ್ತಿದ್ದೆ. ಉತ್ತರ ತಟ್ಟನೆ ಹೇಳುತ್ತಿರಲಿಲ್ಲ. "ಆ ಹುಡುಗಿ ಎಲ್ಲಿ ಕೂಡತಾಳ? ಕಿಟಕಿ ಕಡೆನೋ, ಗ್ವಾಡಿ ಕಡೆನೋ?" ಎಂದು ಅಂಥದೇನಾದರೂ ಕೇಳುತ್ತಿದ್ದರು. ಹೇಳುತ್ತ ಹೇಳುತ್ತ ಉತ್ತರ ನನಗೇ ಹೊಳೆಯುತ್ತಿತ್ತು. ರೋಗ ಊರೂರು ತಿರುಗಿದ ಆ ಕೆಟ್ಟ ಬೇಸಿಗೆಯಲ್ಲಿ ಅವರು ತೀರಿಹೋದರು. ಶಾಲೆಗಳೆಲ್ಲ ಮುಚ್ಚಿದ್ದವು, ಬಸ್ಸುಗಳು ನಿಂತಿದ್ದವು. ಅವರ ಮಗಳು ಫೋನಿನಲ್ಲಿ ಹೇಳಿದರು, ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಕೇಳಿದೆ. ಹೋಗಿ ಮುಖ ನೋಡುವಂತಿರಲಿಲ್ಲ. ಅವರಿಂದ ಕಲಿತ ಮಕ್ಕಳು ಆ ದಿನ ಯಾರ್ಯಾರ ಹೊಲದಲ್ಲಿ ಇದ್ದರೋ, ಎಷ್ಟು ಜನರಿಗೆ ಸುದ್ದಿ ಮುಟ್ಟಿತೋ ಗೊತ್ತಿಲ್ಲ.

ಈಗ ನಾನು ಹುಬ್ಬಳ್ಳಿಯಲ್ಲೇ ಒಂದು ಶಾಲೆಯಲ್ಲಿದ್ದೇನೆ. ಸಂಪಿಗೆಯಂಥ ಮೂಗಿನ ಒಂದು ಹುಡುಗಿ ಈ ವರ್ಷ ನಾಲ್ಕನೆಯ ತರಗತಿಗೆ ಹೊಸದಾಗಿ ಬಂದಿದ್ದಾಳೆ. ಅವಳಪ್ಪ ಟೆಂಪೋ ಓಡಿಸುತ್ತಾನೆ. ನಿನ್ನೆ ಎಲ್ಲರಿಗೂ ಮನೆಯ ಸಂಜೆಯ ಬಗ್ಗೆ ಬರೆಯಲು ಹೇಳಿದ್ದೆ. ಆಕೆ ಒಂದೇ ಸಾಲು ಬರೆದು ಪೆನ್ಸಿಲು ಕೆಳಗಿಟ್ಟಿದ್ದಳು. 'ಕೆಲವು ದಿನ ಅಪ್ಪನ ಚಪ್ಪಲಿ ಸಪ್ಪಳ ಬ್ಯಾರೆ ಇರತೈತಿ, ಆವತ್ತು ನಾನು ತಮ್ಮ ಲಗೂನ ಮಲಗತೇವಿ.'

ಆ ಸಾಲನ್ನು ಎಷ್ಟೋ ಸಲ ಓದಿದೆ. ಕೇಳಬೇಕೋ, ಸುಮ್ಮನಿರಬೇಕೋ? ತಾಯಿಯನ್ನು ಕರೆಸಬೇಕೋ, ಅಥವಾ ಆ ಮಗು ಇನ್ನೊಂದು ಸಾಲು ತಾನಾಗಿ ಬರೆಯುವವರೆಗೆ ಕಾಯಬೇಕೋ? ಗಂಗವ್ವನ ಅವ್ವನ ಹಾಡಿನಂತಲ್ಲ ಇದು. ಅಲ್ಲಿ ಸುಮ್ಮನಿದ್ದರೆ ನಡೆಯುತ್ತಿತ್ತು. ಇಲ್ಲಿ ಸುಮ್ಮನಿರುವುದು ತಪ್ಪೂ ಆಗಬಹುದು. ಬರೆಯಿರಿ ಎಂದು ಮಕ್ಕಳಿಗೆ ಹೇಳಿದ ಮೇಲೆ ಓದುವವರ ಮೇಲೆ ಏನು ಬಂದು ಬೀಳುತ್ತದೆ ಎಂಬುದನ್ನು ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದವರು ಮಾಸ್ತರು ಒಬ್ಬರೇ.

ಮಕ್ಕಳೆಲ್ಲ ಆಟಕ್ಕೆ ಹೋಗಿದ್ದರು. ಆಕೆ ಮಾತ್ರ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಆಕೆ ನನ್ನತ್ತ ನೋಡಲಿಲ್ಲ, ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಆಕೆ ಕೆಳಗಿಟ್ಟಿದ್ದ ಪೆನ್ಸಿಲು ಕೈಗೆತ್ತಿಕೊಂಡು, "ನೀ ಹೇಳು, ನಾ ಬರೀತೇನಿ" ಎಂದೆ.